ಗಪ್ಪಿ ಮರಿಗಳು ರಾತ್ರೋರಾತ್ರಿ ಮಾಯವಾಗುವುದೇಕೆ?

ಪ್ರಶ್ನೆ: ಎರಡಡಿ ಟ್ಯಾಂಕಿನಲ್ಲಿ ಹತ್ತು ಗಪ್ಪಿ ಮೀನು ಸಾಕಿದ್ದೇನೆ. ಬೋರ್‌ವೆಲ್ ನೀರು. ಎರಡು ಸಲ ಮರಿ ಹಾಕಿದವು. ರಾತ್ರಿ ಇಪ್ಪತ್ತಾದರೂ ಇದ್ದವು, ಬೆಳಿಗ್ಗೆ ಒಂದೂ ಇಲ್ಲ. ಗಡಸು ನೀರಿನ ತೊಂದರೆಯೇ?
– ಓದುಗರು, ಮಂಡ್ಯ

ಉತ್ತರ: ಪಾಪ, ನೀರನ್ನು ಬೈಯಬೇಡಿ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಒಗ್ಗುತ್ತದೆ. ಮರಿಗಳನ್ನು ತಿಂದಿರುವುದು ದೊಡ್ಡ ಮೀನುಗಳೇ, ಹೆತ್ತ ತಾಯಿಯೂ ಸೇರಿ. ಗಪ್ಪಿಗೆ ತನ್ನ ಮರಿ ಅನ್ನುವ ಗುರುತೇ ಇಲ್ಲ. ಬಾಯಿಗೆ ಹಿಡಿಸುವಷ್ಟು ಚಿಕ್ಕದು ಎದುರಿಗೆ ಓಡಾಡಿದರೆ ಅದು ಊಟ, ಅಷ್ಟೇ.

ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ದಿನ ಹತ್ತಿರ ಬಂದಾಗ ಹೊಟ್ಟೆ ದುಂಡಗಿರುವುದು ಹೋಗಿ ಚೌಕವಾಗುತ್ತದೆ. ಬಾಲದ ಕಡೆ ಹೊಟ್ಟೆಯಲ್ಲಿರುವ ಕಪ್ಪು ಮಚ್ಚೆ ದೊಡ್ಡದಾಗುತ್ತದೆ. ತಿಳಿ ಬಣ್ಣದ ಮೀನಾದರೆ ಮರಿಗಳ ಕಣ್ಣೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ! ಆಗ ಅಂಗಡಿಯ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ತಾಯಿಯನ್ನು ಹಾಕುವವರು ಜಾಸ್ತಿ. ನನಗೆ ಅದು ಇಷ್ಟವಿಲ್ಲ. ಇಕ್ಕಟ್ಟಿನಲ್ಲಿ ಮೀನು ಗಾಬರಿಯಾಗುತ್ತದೆ, ದಿನ ತುಂಬುವ ಮೊದಲೇ ಮರಿ ಹಾಕುವುದೂ ಉಂಟು. ಅದರ ಬದಲು ಟ್ಯಾಂಕಿನ ಒಂದು ಮೂಲೆಯಲ್ಲಿ ಹೈಡ್ರಿಲ್ಲಾ ಅಥವಾ ಜಾವಾ ಮಾಸ್‌ನಂಥ ನೀರಿನ ಗಿಡ ಒತ್ತಾಗಿ ತುಂಬಿ. ಹುಟ್ಟಿದ ಮರಿ ಸೀದಾ ಗಿಡದೊಳಗೆ ನುಗ್ಗುತ್ತದೆ. ಬೆಳಿಗ್ಗೆ ಸಣ್ಣ ಲೋಟದಲ್ಲಿ ನೀರಿನ ಸಮೇತ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ತೊಟ್ಟಿಗೆ ಬಿಡಿ.

ಮರಿಗಳ ಊಟಕ್ಕೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಅದ್ದಿ ಹಿಂಡಿ. ಎಷ್ಟು? ಸಾಸಿವೆ ಕಾಳಿನಷ್ಟು. ಹಳದಿ ಹೆಚ್ಚಾದರೆ ನೀರು ಕೊಳೆತು, ತಾಯಿ ತಿನ್ನದೆ ಬಿಟ್ಟ ಮರಿಗಳನ್ನು ನೀವೇ ಕೊಂದಂತೆ. ದಿನಕ್ಕೆ ಮೂರ್ನಾಲ್ಕು ಸಲ ಕೊಡಿ, ಉಳಿದದ್ದನ್ನು ಸಣ್ಣ ಪೈಪಿನಲ್ಲಿ ಎಳೆದು ತೆಗೆಯಿರಿ. ಡಿಸೆಂಬರ್ ಚಳಿಯಲ್ಲಾದರೆ ಹೀಟರ್ ಹಾಕಿ 26 ಡಿಗ್ರಿ ಇಟ್ಟುಕೊಳ್ಳಿ.

ಪ್ರಶ್ನೆ: ಒಂದೇ ಹೆಣ್ಣು ಗಪ್ಪಿ ತಂದಿದ್ದೆ. ಗಂಡಿಲ್ಲದೆ ಮೂರು ಸಲ ಮರಿ ಹಾಕಿತು! ಈಗ ಮರಿ ವಿಪರೀತ. ಕುಕ್ಕರಹಳ್ಳಿ ಕೆರೆಗೆ ಬಿಡಬಹುದಾ?
– ಓದುಗರು, ಮೈಸೂರು

ಉತ್ತರ: ಪವಾಡ ಏನಿಲ್ಲ. ಅಂಗಡಿಯ ತೊಟ್ಟಿಯಲ್ಲೇ ಗಂಡಿನ ಜೊತೆ ಕೂಡಿರುತ್ತದೆ. ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಕಾಪಿಟ್ಟುಕೊಳ್ಳುತ್ತದೆ. ಇನ್ನು ಮುಂದೆ ಮರಿ ಹೆಚ್ಚದಿರಲಿ ಅಂದರೆ ಮರಿಗಳು ಹುಟ್ಟಿದ ಮೂರ್ನಾಲ್ಕು ವಾರದೊಳಗೆ ಗಂಡು ಹೆಣ್ಣು ಬೇರೆ ಮಾಡಿ. ಗಂಡಿಗೆ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಂತೆ ಸಣ್ಣಗಾಗುತ್ತದೆ, ಹೆಣ್ಣಿಗೆ ಬೀಸಣಿಗೆಯಂತೆ ಅಗಲವಾಗಿಯೇ ಇರುತ್ತದೆ.

ಕೆರೆಗೆ ಮಾತ್ರ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು, ನಮ್ಮ ಕೆರೆಯ ಸಣ್ಣ ಮೀನುಗಳ ಊಟಕ್ಕೆ ಪೈಪೋಟಿ ಕೊಡುತ್ತದೆ. ಅಕ್ವೇರಿಯಂ ಅಂಗಡಿಯವರನ್ನು ಕೇಳಿ ನೋಡಿ, ಕೆಲವರು ತೆಗೆದುಕೊಳ್ಳುತ್ತಾರೆ. ಮನೆಯ ಹಿತ್ತಲಲ್ಲಿ ತಾವರೆ ಕುಂಡ ಇದ್ದರೆ ಐದಾರು ಅದಕ್ಕೆ ಬಿಡಿ, ಸೊಳ್ಳೆ ಮರಿಗಳನ್ನು ತಿಂದುಕೊಂಡು ಇರುತ್ತವೆ.