ಅಷ್ಟೊಂದು ಟ್ಯಾಲೆಂಟ್ ಇದ್ದ ಗಾಸ್ಕೆ ಯಾಕೆ ಒಂದೂ ಗ್ರಾಂಡ್‌ಸ್ಲಾಮ್ ಗೆಲ್ಲಲಿಲ್ಲ?

ನೀವು ಕೇಳಿರೋದು ಇಷ್ಟು: ಫ್ರಾನ್ಸ್‌ನ ಟೆನಿಸ್ ಆಟಗಾರ ರಿಷಾರ್ ಗಾಸ್ಕೆ ಒಂಬತ್ತನೇ ವಯಸ್ಸಿಗೇ ಮ್ಯಾಗಜೀನ್ ಕವರ್ ಮೇಲೆ ಬಂದವ್ನು, ಅಂಥ ಬ್ಯಾಕ್‌ಹ್ಯಾಂಡ್ (ಆಡೋ ಕೈಯ ಉಲ್ಟಾ ಬದಿಯಿಂದ ಹೊಡೆಯೋ ಹೊಡೆತ) ಇಟ್ಕೊಂಡು ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಅಂದ್ರೆ ಗ್ರಾಂಡ್‌ಸ್ಲಾಮ್‌ಗಳಲ್ಲಿ, ಒಂದೂ ಗೆಲ್ದೆ ರಿಟೈರ್ ಆದ, ಇದು ಹಾಳಾದ ಕೆರಿಯರ್ ಅಲ್ವಾ ಅಂತ. ಅಲ್ಲ ಅಂತೀನಿ ನಾನು. ಆದ್ರೆ ಯಾಕೆ ಗೆಲ್ಲಲಿಲ್ಲ ಅನ್ನೋದಕ್ಕೆ ಅರ್ಧ ಉತ್ತರ ನೀವು ಹೊಗಳ್ತಿರೋ ಆ ಬ್ಯಾಕ್‌ಹ್ಯಾಂಡ್‌ನಲ್ಲೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

(ನಾವೆಲ್ಲ ಮೊದ್ಲು ಗ್ಯಾಸ್ಕ್ವೆಟ್ ಅಂತ ಓದ್ತಿದ್ವಿ. ಗಾಸ್ಕೆ ಅಂತ ಗೊತ್ತಾಗೋಕೆ ಒಂದೆರಡು ವರ್ಷ ಬೇಕಾಯ್ತು.)

1996ರ ಫೆಬ್ರವರಿ. ಫ್ರಾನ್ಸ್‌ನ ಟೆನಿಸ್ ಮ್ಯಾಗಜೀನ್‌ನವ್ರು ಬೆಜಿಯೆ ಊರಿನ ಈ ಹುಡುಗನ್ನ ಕವರ್ ಮೇಲೆ ಹಾಕಿ, ದೇಶ ಕಾಯ್ತಿರೋ ಚಾಂಪಿಯನ್ ಇವ್ನೇನಾ ಅನ್ನೋ ಅರ್ಥದಲ್ಲಿ ಬರೆದ್ರು. ಅಪ್ಪ ಅಮ್ಮ ಇಬ್ರೂ ಟೆನಿಸ್ ಕೋಚ್‌ಗಳು, ನಾಲ್ಕು ವರ್ಷಕ್ಕೇ ಕೈಗೆ ರಾಕೆಟ್ ಬಂದಿತ್ತು. 1983ರಲ್ಲಿ ಯಾನಿಕ್ ನೋಆ ಗೆದ್ದ ಮೇಲೆ ಫ್ರಾನ್ಸ್‌ನ ಗಂಡಸ್ರು ಯಾರೂ ರೋಲಾಂ ಗ್ಯಾರೋಸ್ (ಅಂದ್ರೆ ಫ್ರೆಂಚ್ ಓಪನ್) ಸಿಂಗಲ್ಸ್ ಗೆದ್ದಿರಲಿಲ್ಲ, ಇವತ್ತಿಗೂ ಗೆದ್ದಿಲ್ಲ, ಆ ಭಾರಾನೆಲ್ಲ ಒಂಬತ್ತು ವರ್ಷದ ಮಗು ತಲೆ ಮೇಲೆ ಹೊರಿಸಿಬಿಟ್ರು ನೋಡಿ. ಮೂರನೇ ಕ್ಲಾಸ್ ಮಗು ಸ್ವಾಮಿ!

ಆದ್ರೆ ಶುರುನಲ್ಲಿ ಅವ್ರು ಹೇಳಿದ್ದೇ ನಿಜ ಆಗ್ತಿತ್ತು. 1999ರಲ್ಲಿ ತಾರ್ಬ್‌ನಲ್ಲಿ ನಡೆಯೋ ಮಕ್ಕಳ ಟೂರ್ನಿನಲ್ಲಿ ರಫಾ ನಡಾಲ್‌ನ ಸೋಲಿಸ್ದ. ಮುಂದೆ ಟೂರ್‌ನಲ್ಲಿ ಇಬ್ರೂ 18 ಸಲ ಎದುರುಬದುರು ಆದ್ರು, ಗಾಸ್ಕೆ 18ಕ್ಕೆ 18 ಸೋತ, ಅದು ಬೇರೆ ಕಥೆ. 2002ರಲ್ಲಿ ಇನ್ನೂ 15 ವರ್ಷ, ಮಾಂಟೆ ಕಾರ್ಲೋದಲ್ಲಿ ನಡೆಯೋ ದೊಡ್ಡವ್ರ ಟೂರ್ನಿಗೆ ಕ್ವಾಲಿಫೈ ಆಗಿ ಮುಖ್ಯ ಸುತ್ತಿನಲ್ಲಿ ಒಂದು ಮ್ಯಾಚೂ ಗೆದ್ದ. ಅದೇ ವರ್ಷ ಜೂನಿಯರ್ ಫ್ರೆಂಚ್ ಓಪನ್, ಜೂನಿಯರ್ ಯುಎಸ್ ಓಪನ್ ಎರಡೂ ಅವನದ್ದೇ. 2005ರಲ್ಲಿ ಅದೇ ಮಾಂಟೆ ಕಾರ್ಲೋ ಕ್ವಾರ್ಟರ್‌ಫೈನಲ್‌ನಲ್ಲಿ ನಂಬರ್ ಒನ್ ಫೆಡರರ್ ಎದುರು ಮ್ಯಾಚ್ ಪಾಯಿಂಟ್ ಉಳಿಸ್ಕೊಂಡು, ಮೂರನೇ ಸೆಟ್ ಟೈಬ್ರೇಕ್‌ಗೆ (ಸೆಟ್ 6-6 ಸಮ ಆದಾಗ ಆಡೋ ನಿರ್ಣಾಯಕ ಗೇಮ್) ತಗೊಂಡ್ಹೋಗಿ ಗೆದ್ದ. ಮುಗಿಸಿದ್ದು ಓಡ್ತಾ ಹೊಡೆದ ಬ್ಯಾಕ್‌ಹ್ಯಾಂಡ್ ಪಾಸಿಂಗ್ ಶಾಟ್‌ನಲ್ಲಿ. ಆ ವಿಡಿಯೋ ಹುಡುಕಿ ನೋಡಿ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ.

2007 ಅವನ ಒಳ್ಳೇ ವರ್ಷ. ವಿಂಬಲ್ಡನ್‌ನಲ್ಲಿ ಆಂಡಿ ರಾಡಿಕ್ ಎದುರು ಎರಡು ಸೆಟ್ ಹಿಂದೆ ಬಿದ್ದು, ಮೂರು ನಾಲ್ಕನೇ ಸೆಟ್ ಟೈಬ್ರೇಕ್‌ನಲ್ಲಿ ಎಳ್ಕೊಂಡು, ಐದನೇದು 8-6 ಗೆದ್ದು ಸೆಮಿಫೈನಲ್ ಸೇರ್ದ, ಆ ತಿಂಗಳೇ ರ್‍ಯಾಂಕಿಂಗ್ 7 ಆಯ್ತು. ಅದಕ್ಕಿಂತ ಮೇಲೆ ಯಾವತ್ತೂ ಹೋಗಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಮುಂಬೈಗೂ ಬಂದು ಕಪ್ ತಗೊಂಡು ಹೋದ. ನಾನು ಆಗ ಥಾಣೆಯಲ್ಲಿ ಕೆಲಸದಲ್ಲಿದ್ದೆ, ಹೊಟ್ಟೆನೋವು ಅಂತ ಮ್ಯಾನೇಜರ್‌ಗೆ ಸುಳ್ಳು ಹೇಳಿ ಒಂದು ಮ್ಯಾಚ್ ನೋಡೋಕೆ ಹೋಗಿದ್ದೆ. ಸ್ಕೋರ್ ಎಲ್ಲಾ ಮರೆತು ಹೋಗಿದೆ. ನೆನಪಿರೋದು ಸೈಡ್ ಚೇಂಜ್‌ನಲ್ಲಿ ಅವ್ನು ಮಾಡ್ತಿದ್ದ ಕೆಲಸ: ಬೆಂಚ್ ಮೇಲೆ ಕೂತು, ರಾಕೆಟ್ ತೊಡೆ ಮೇಲೆ ಇಟ್ಕೊಂಡು, ಹಳೇ ಗ್ರಿಪ್ ಟೇಪ್ ಸುತ್ತು ಸುತ್ತಾಗಿ ಬಿಚ್ಚಿ ಪಕ್ಕಕ್ಕೆ ಎಸೆದು, ಹೊಸದನ್ನ ಕೆಳಗಿಂದ ಎಳೆದು ಎಳೆದು ಸುತ್ತೋನು. ಉಳಿದವ್ರು ಬಾಳೆಹಣ್ಣು ತಿನ್ನೋ ಟೈಮ್‌ನಲ್ಲಿ ಇವ್ನು ಟೈಲರ್ ಥರ ತಲೆ ಬಗ್ಗಿಸ್ಕೊಂಡು ಕೂತಿರ್ತಿದ್ದ. ಟಿವಿಲೂ ನೋಡಿದ್ದೆ, ಆದ್ರೆ ಎದುರಿಗೆ ನೋಡಿದಾಗ ಪಾಪ ಅನ್ನಿಸ್ತು, ಇಷ್ಟು ಚೆನ್ನಾಗಿ ಆಡೋನಿಗೂ ಕೈ ನಿಲ್ತಿಲ್ಲ ಅಂತ.

ಮುಂದಿನ ವರ್ಷ ಅದೇ ವಿಂಬಲ್ಡನ್‌ನಲ್ಲಿ ಕಥೆ ಉಲ್ಟಾ. ಆಂಡಿ ಮರ್ರೆ ಎದುರು ಎರಡು ಸೆಟ್ ಮುಂದೆ, ಮೂರನೇ ಸೆಟ್‌ನಲ್ಲಿ ಮ್ಯಾಚ್ ಮುಗಿಸೋಕೆ ಸರ್ವ್ ಮಾಡ್ತಿದ್ದ, ಅಲ್ಲಿಂದ ಸೋತ.

2009 ಇನ್ನೂ ಕೆಟ್ಟದು. ಮಾರ್ಚ್‌ನಲ್ಲಿ ಮಯಾಮಿ ಟೂರ್ನಿ ಟೈಮ್‌ನಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ಕೊಕೇನ್ ಸಿಕ್ತು. ನೈಟ್‌ಕ್ಲಬ್‌ನಲ್ಲಿ ಒಂದು ಹುಡುಗಿಗೆ ಮುತ್ತು ಕೊಟ್ಟಿದ್ದೆ, ಅವಳ ಬಾಯಿಂದ ಬಂದಿರ್ಬೇಕು ಅಂತ ಇವನ ವಾದ. ಜನ ಬಿದ್ದು ಬಿದ್ದು ನಕ್ರು, ನಾನೂ ನಕ್ಕಿದ್ದೆ, ಸುಳ್ಯಾಕೆ ಹೇಳ್ಲಿ. ಆದ್ರೆ ಸಿಕ್ಕಿದ್ದು ಒಂದ್ಸಲ ಸೇವಿಸಿದ್ರೂ ಬರೋದಕ್ಕಿಂತ ತುಂಬಾ ಕಮ್ಮಿ ಅಂಶ. ಟ್ರಿಬ್ಯೂನಲ್ ಎರಡೂವರೆ ತಿಂಗಳ ಸಸ್ಪೆನ್ಷನ್‌ಗೇ ಮುಗಿಸ್ತು. ಅದು ಸಾಲ್ದು ಅಂತ ಇಂಟರ್‌ನ್ಯಾಷನಲ್ ಟೆನಿಸ್ ಫೆಡರೇಷನ್, ಉದ್ದೀಪನ ಮದ್ದು ತಡೆಯೋ ವಿಶ್ವ ಸಂಸ್ಥೆ ವಾಡಾ ಎರಡೂ ಅಪೀಲ್ ಹೋದ್ವು, ಡಿಸೆಂಬರ್‌ನಲ್ಲಿ ಕ್ರೀಡಾ ನ್ಯಾಯಮಂಡಳಿ ಪೂರ್ತಿ ಕ್ಲೀನ್‌ಚಿಟ್ ಕೊಡ್ತು. ಅಷ್ಟರಲ್ಲಿ ಆ ವರ್ಷದ ರೋಲಾಂ ಗ್ಯಾರೋಸ್ ಹೋಯ್ತು, ವಿಂಬಲ್ಡನ್ ಹೋಯ್ತು. ವಾಪಸ್ ಬಂದು ಯುಎಸ್ ಓಪನ್ ಆಡಿದ್ರೆ ಫಸ್ಟ್ ರೌಂಡ್‌ನಲ್ಲೇ ಯಾರು ಸಿಗ್ಬೇಕು? ನಡಾಲ್. ಹಣೆಬರಹ ಕೆಟ್ರೆ ಹಿಂಗೇ.

ಈಗ ಬ್ಯಾಕ್‌ಹ್ಯಾಂಡ್ ವಿಷ್ಯ. ಒಂಟಿ ಕೈ ಬ್ಯಾಕ್‌ಹ್ಯಾಂಡ್, ಅದ್ರಲ್ಲೂ ಅವನದು ರಾಕೆಟ್ ತಲೆ ಹಿಂದಿಂದ ದೊಡ್ಡ ಸುತ್ತು ಹಾಕ್ಕೊಂಡು ಬರೋ ಸ್ವಿಂಗ್. ಅದಕ್ಕೆ ಟೈಮ್ ಬೇಕು. ಟೈಮ್ ಬೇಕು ಅಂದ್ರೆ ಹಿಂದೆ ನಿಲ್ಬೇಕು, ಅವ್ನು ಎಷ್ಟು ಹಿಂದೆ ನಿಲ್ತಿದ್ದ ಅಂದ್ರೆ ಒಂದೊಂದ್ಸಲ ಲೈನ್ ಅಂಪೈರ್ ಮಡಿಲಲ್ಲಿ ಕೂತ್ಬಿಡ್ತಾನೇನೋ ಅನ್ಸೋದು. ಹಿಂದೆ ನಿಂತ್ರೆ ನಮ್ಮಷ್ಟೇ ಟೈಮ್ ಎದುರಾಳಿಗೂ ಸಿಗುತ್ತೆ, ಮೇಲಿಂದ ನೀವು ಓಡ್ಬೇಕಾದ ಜಾಗಾನೂ ಜಾಸ್ತಿ. ನಡಾಲ್ ಥರ ಎಡಗೈಯೋನು ಟಾಪ್‌ಸ್ಪಿನ್ (ಚೆಂಡು ಬಿದ್ದು ಎತ್ತರಕ್ಕೆ ಪುಟಿಯೋ ಥರ ಮುಂದಕ್ಕೆ ತಿರುಗಿಸೋದು) ಕೊಟ್ಟು ಚೆಂಡನ್ನ ಭುಜದೆತ್ತರಕ್ಕೆ ಹಾರಿಸ್ತಾ ಇದ್ರೆ ಒಂಟಿ ಕೈಗೆ ಬಲಾನೇ ಸಿಗಲ್ಲ. ನಾನು ಇವನ್ನ ನೋಡಿ ನನ್ನ ಎರಡು ಕೈ ಬ್ಯಾಕ್‌ಹ್ಯಾಂಡ್ ಬಿಟ್ಟು ಒಂಟಿ ಕೈಗೆ ಬಂದವ್ನು, ಈಗ ನಮ್ಮ ಕ್ಲಬ್‌ನಲ್ಲಿ 58 ವರ್ಷದ ಅಂಕಲ್ ಒಬ್ರು ಆಕಾಶಕ್ಕೆ ಎತ್ತಿ ಎತ್ತಿ ಹಾಕಿ ವಾರಕ್ಕೆರಡು ಸಲ ನನ್ನ ಸೋಲಿಸ್ತಾರೆ, ಹಾಗಾಗಿ ಅನುಭವದ ಮಾತು ಇದು.

ಇನ್ನರ್ಧ ಉತ್ತರ, ಅವ್ನು ಹುಟ್ಟಿದ ಕಾಲ. ಸ್ಲಾಮ್‌ಗಳಲ್ಲಿ ಮೂರು ಸೆಮಿಫೈನಲ್ ಆಡಿದ್ದಾನೆ. 2007 ವಿಂಬಲ್ಡನ್‌ನಲ್ಲಿ ಎದುರಿಗೆ ಫೆಡರರ್, 2013 ಯುಎಸ್ ಓಪನ್‌ನಲ್ಲಿ ನಡಾಲ್, 2015 ವಿಂಬಲ್ಡನ್‌ನಲ್ಲಿ ಜೊಕೊವಿಚ್. ಮೂರರಲ್ಲೂ ಒಂದು ಸೆಟ್ಟೂ ಸಿಗಲಿಲ್ಲ, ಮೂರು ಸಲಾನೂ ಇವನ್ನ ಸೋಲಿಸಿದವ್ನೇ ಕಪ್ ಎತ್ತಿದ. ಇದ್ರಲ್ಲಿ ಟ್ಯಾಲೆಂಟ್ ವೇಸ್ಟ್ ಆಗಿದ್ದು ಎಲ್ಲಿ ಹೇಳಿ? ಧೈರ್ಯ ಇಲ್ಲ ಅನ್ನೋರೂ ಇದ್ದಾರೆ. 2015ರ ಆ ಸೆಮಿಗೆ ಬರೋಕೆ ವಾವ್ರಿಂಕಾ ಎದುರು ಐದನೇ ಸೆಟ್ 11-9 ಗೆದ್ದಿದ್ದ, ಧೈರ್ಯ ಇಲ್ದೋನು ಹಂಗೆ ಗೆಲ್ಲಲ್ಲ. ಮರ್ರೆ ಮ್ಯಾಚ್ ಥರದ್ದು ಮಾತ್ರ ಕೈಯಾರೆ ಬಿಟ್ಟಿದ್ದು, ಒಪ್ಕೋತೀನಿ.

ನನಗೆ ಜಾಸ್ತಿ ಇಷ್ಟ ಆಗೋದು ಲಿಲ್ ಊರಿನ ಕಥೆ. 2014ರ ಡೇವಿಸ್ ಕಪ್ (ದೇಶ ದೇಶಗಳ ನಡುವಿನ ಟೀಮ್ ಟೂರ್ನಿ) ಫೈನಲ್, ಟೀಮ್‌ನ ಇನ್ನೊಬ್ಬ ಆಟಗಾರ ಸೊಂಗಾಗೆ ಇಂಜುರಿ ಅಂತ ಭಾನುವಾರ ಇವನ್ನ ಫೆಡರರ್ ಮುಂದೆ ನಿಲ್ಲಿಸಿದ್ರು, 6-4, 6-2, 6-2 ಸೋತ, ಕಪ್ ಸ್ವಿಟ್ಜರ್ಲೆಂಡ್‌ಗೆ ಹೋಯ್ತು. ಮೂರು ವರ್ಷ ಆದ್ಮೇಲೆ ಅದೇ ಸ್ಟೇಡಿಯಂ, ಬೆಲ್ಜಿಯಂ ಎದುರು ಫೈನಲ್. ಏರ್ಬೆ ಜೊತೆ ಡಬಲ್ಸ್ ಆಡಿ ಗೆದ್ದ, ಫ್ರಾನ್ಸ್ 3-2ರಲ್ಲಿ ಕಪ್ ತಗೊಳ್ತು. ಆವತ್ತು ಟೀಮ್ ಕ್ಯಾಪ್ಟನ್ ಯಾರು ಗೊತ್ತಾ, ಯಾನಿಕ್ ನೋಆ. ಯಾರ ಜಾಗ ತುಂಬ್ತಾನೆ ಅಂತ ಒಂಬತ್ತನೇ ವಯಸ್ಸಿಂದ ಹೇಳ್ಕೊಂಡು ಬಂದಿದ್ರೋ ಅವ್ನೇ.

ಒಟ್ಟು 16 ಟೈಟಲ್, 600ಕ್ಕೂ ಜಾಸ್ತಿ ಗೆಲುವು, ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆನೆತೋ ಜೊತೆ ಡಬಲ್ಸ್ ಕಂಚು. ಕೊನೇ ಟೈಟಲ್ 2023ರ ಜನವರಿ, ಆಕ್ಲೆಂಡ್, ವಯಸ್ಸು 36. 2025ರ ರೋಲಾಂ ಗ್ಯಾರೋಸ್‌ಗೆ ಬಂದಾಗ 39 ಆಗೋಕೆ ಮೂರು ವಾರ ಬಾಕಿ. ಫಸ್ಟ್ ರೌಂಡ್ ಗೆದ್ದ, ಎರಡನೇದ್ರಲ್ಲಿ ನಂಬರ್ ಒನ್ ಸಿನ್ನರ್ ಎದುರು ಮೂರು ಸೆಟ್‌ನಲ್ಲಿ ಮುಗೀತು. ನಾನು ಆಫೀಸ್‌ನಲ್ಲಿ ಮೊಬೈಲ್‌ನ ಕೀಬೋರ್ಡ್‌ಗೆ ಒರಗಿಸಿಟ್ಟು ಕದ್ದು ನೋಡ್ತಿದ್ದೆ, ಎರಡನೇ ಸೆಟ್ 6-0 ಹೋಯ್ತು, ಆದ್ರೂ ಮಧ್ಯೆ ಮಧ್ಯೆ ಆ ಬ್ಯಾಕ್‌ಹ್ಯಾಂಡ್ ಲೈನ್ ಹಿಡ್ಕೊಂಡು ಹೋದಾಗೆಲ್ಲ ಪ್ಯಾರಿಸ್ ಜನ ಗೆದ್ದೇಬಿಟ್ಟ ಅನ್ನೋ ಥರ ಕೂಗ್ತಿದ್ರು.