ಸ್ವಂತ ಡಿಸ್ಟಿಲರಿ ಹಾಕುವ ಮೊದಲು ಹಳಬರ ಹತ್ತಿರ ಕಲಿಯಬೇಕಾ?

ಜಮಖಂಡಿ ಹತ್ತಿರ ಸಣ್ಣ ಡಿಸ್ಟಿಲರಿ ಹಾಕುವ ಯೋಚನೆಯಿದೆ, ಮೊದಲು ಹಳೆ ಪ್ಲಾಂಟ್‌ನಲ್ಲಿ ಕೆಲಸ ಕಲಿಯಬೇಕಾ, ಇಲ್ಲ ಯಂತ್ರ ಕೊಡುವ ಕಂಪನಿಯವರೇ ಎಲ್ಲ ಹೇಳಿಕೊಡುತ್ತಾರಾ ಅಂತ ಕೇಳಿದ್ದೀರಿ. ಕಲಿಯಲೇಬೇಕು. ನಾನು ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಶಿಫ್ಟ್ ಕೆಮಿಸ್ಟ್. ಕಂಪನಿಯವರು ಪ್ಲಾಂಟ್ ಚಾಲೂ ಮಾಡಿಕೊಟ್ಟು ಹೋಗುತ್ತಾರೆ, ಆಮೇಲೆ ಬೇಸಿಗೆ ಬರುತ್ತದೆ.

ಈಸ್ಟ್‌ಗೆ 30ರಿಂದ 33 ಡಿಗ್ರಿ ಹಿತ. ಕಾಕಂಬಿ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಹುದುಗುವಾಗ ತಾನೇ ಬಿಸಿಯಾಗುತ್ತದೆ, ಹೊರಗೆ ನಮ್ಮ ಕಡೆ ಬಿಸಿಲು 40 ಮುಟ್ಟಿರುತ್ತದೆ, ಕೂಲಿಂಗ್ ಟವರ್ ನೀರೂ ಬೆಚ್ಚಗೇ ಬರುತ್ತದೆ. ಬಿಸಿ ಏರಿತು ಅಂದ್ರೆ ಈಸ್ಟ್ ಸುಸ್ತಾಗಿ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತದೆ, ಆಲ್ಕೋಹಾಲ್ ಆಗಬೇಕಾದ ಸಕ್ಕರೆ ಹುಳಿಯಾಗಿ ಹೋಗುತ್ತದೆ. ನಮ್ಮಲ್ಲಿ ಹಿರಿಯ ಆಪರೇಟರ್ ಒಬ್ಬರಿದ್ದಾರೆ, ಸ್ಯಾಂಪಲ್ ಬಾಟಲಿ ಮೂಸಿ, ನೊರೆ ಹೇಗೆ ಒಡೆಯುತ್ತಿದೆ ಅಂತ ನೋಡಿ, ಹುಳಿ ಹಿಡಿಯುತ್ತಿದೆಯಾ ಅಂತ ಲ್ಯಾಬ್ ವರದಿ ಬರುವ ಮೊದಲೇ ಹೇಳಿಬಿಡುತ್ತಾರೆ. ಖಾಲಿ ಫರ್ಮೆಂಟರ್ (ಹುದುಗಿಸುವ ಟ್ಯಾಂಕ್) ಒಳಗೆ ಸುಮ್ನೆ ಇಳಿಯಬಾರದು, ಕಾರ್ಬನ್ ಡೈಆಕ್ಸೈಡ್ ತಳದಲ್ಲೇ ಕೂತಿರುತ್ತದೆ, ಜೀವ ಹೋಗುತ್ತದೆ ಅನ್ನೋದನ್ನೂ ನನಗೆ ಕಲಿಸಿದ್ದು ಅವರೇ. ಮಾಲೀಕರ ಕ್ಯಾಬಿನ್‌ನಲ್ಲಿ ಇದು ಸಿಗೋದಿಲ್ಲ.

ಅದಕ್ಕಿಂತ ಮುಖ್ಯ, ಸ್ಪೆಂಟ್ ವಾಶ್, ಅಂದ್ರೆ ಭಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳಕು ನೀರು, ಅದನ್ನು ನೋಡಿಕೊಳ್ಳುವವರ ಜೊತೆ ಇರಿ. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ ಸುಮಾರು 8ರಿಂದ 12 ಲೀಟರ್ ಕಪ್ಪು ನೀರು ಉಳಿಯುತ್ತದೆ. ಅದನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ, ಬಿಡಲೂಬಾರದು, ಕೆಳಗೆ ಘಟಪ್ರಭಾ, ಕೃಷ್ಣಾ ನೀರು ಕುಡಿಯುವ ಊರುಗಳಿವೆ. ಅದರಿಂದ ಬಯೋಗ್ಯಾಸ್ ತೆಗೆದು, ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ ಜೊತೆ ಗೊಬ್ಬರ ಮಾಡುತ್ತಾರೆ, ಇಲ್ಲವೇ ಗಟ್ಟಿಯಾಗಿಸಿ ಬಾಯ್ಲರ್‌ನಲ್ಲಿ ಸುಡುತ್ತಾರೆ. ಹೊಸಬರು ಕಾಲಂ (ಭಟ್ಟಿ ಇಳಿಸುವ ಗೋಪುರ) ಎಷ್ಟು ಎತ್ತರ ಅಂತ ಕೇಳುತ್ತಾರೆ, ಈ ಖರ್ಚು ಕೇಳುವವರು ಕಡಿಮೆ. ನೀವು ಇದನ್ನೇ ಮೊದಲು ಕೇಳಿ.

ಕಾಕಂಬಿಯ ವಿಚಾರವೂ ಕೇಳಿಕೊಳ್ಳಿ. ಕಾರ್ಖಾನೆಗೆ ಅದು ಮನೆಯಲ್ಲೇ ಸಿಗುತ್ತದೆ, ನೀವು ಕೊಳ್ಳಬೇಕು, ಸಾಗಿಸಲು ಅಬಕಾರಿ ಪರ್ಮಿಟ್ ಬೇಕು. ಕಚ್ಚಾಮಾಲಿನ ನಿಯಮ ದಿಢೀರ್ ಬದಲಾಗೋದೂ ಉಂಟು, 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಂಗಾಮಿನ ನಡುವೆಯೇ ಕಬ್ಬಿನ ರಸದಿಂದ ಎಥನಾಲ್ (ಪೆಟ್ರೋಲ್‌ಗೆ ಬೆರೆಸುವ ಆಲ್ಕೋಹಾಲ್) ಮಾಡೋದಕ್ಕೆ ತಡೆ ಹಾಕಿತ್ತು. ಆ ವರ್ಷ ಹೇಗೆ ದಾಟಿದಿರಿ ಅಂತ ಹಳಬರನ್ನು ಕೇಳಿ, ಬಹಳ ಕಲಿಯುತ್ತೀರಿ.

ಒಳಗೆ ಬಿಡುತ್ತಾರಾ ಅಂದ್ರೆ, ಉದ್ದೇಶ ಮುಚ್ಚಿಡದೆ ಟ್ರೇನಿಯಾಗಿ ಕೇಳಿ. ಒಂದು ಹಂಗಾಮು ಪೂರ್ತಿ ಇರಿ, ಆಮೇಲೆ ರಿಪೇರಿ ಸಮಯದಲ್ಲೂ ಇರಿ, ಕಾಲಂ ಬಿಚ್ಚಿದಾಗ ಪ್ಲೇಟಿನ ಮೇಲೆ ಕಲ್ಲಿನಂಥ ಪದರ ಕೂತಿರೋದು ಆಗಲೇ ಕಾಣೋದು. ಓದಿಗೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಹೋಗಿ ವಿಚಾರಿಸಿ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸಿ ನೋಡೋ ಯೋಚನೆ ಮಾತ್ರ ಬೇಡ, ಅದು ಅಪರಾಧ.

ನೀವು ಮಾಡೋದು ಎಥನಾಲೋ, ಕುಡಿಯುವ ಮದ್ಯಕ್ಕೆ ಹೋಗುವ ಶುದ್ಧ ಸ್ಪಿರಿಟ್ ಇಎನ್‌ಎಯೋ ಅಂತ ಬರೆದಿಲ್ಲ. ಅದನ್ನು ತಿಳಿಸಿದರೆ ಯಾವ ಥರದ ಪ್ಲಾಂಟ್‌ನಲ್ಲಿ ಕಲಿಯೋದು ಒಳ್ಳೇದು ಅಂತ ಹೇಳುತ್ತೇನೆ.