ಮುಳುಗಡೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅರವತ್ತು ವರ್ಷ ದಾಟಿತು. ಮುಳುಗಡೆ ಸಂತ್ರಸ್ತರಿಗೆ ಸರ್ಕಾರ ಜಮೀನು ಕೊಟ್ಟಿದೆ, ಸಿಗಂದೂರಿಗೆ ಸೇತುವೆಯೂ ಆಯಿತು. ನೀವು ಇನ್ನೂ ಎಷ್ಟು ದಿನ ಇದನ್ನೇ ಬರೆಯುತ್ತೀರಿ?"

ಶರಾವತಿಯ ಕರೆಂಟು ನಾಡನ್ನು ಬೆಳಗಿತು, ಒಪ್ಪಿದೆ. ಆದರೆ 'ಜಮೀನು ಕೊಟ್ಟಿದೆ' ಎಂದಿರಲ್ಲ, ನನ್ನ ತಕರಾರು ಇರುವುದೇ ಅಲ್ಲಿ.

ಕೊಟ್ಟದ್ದು ಕಾಡು. ಲಾರಿಯಲ್ಲಿ ಪಾತ್ರೆಪಗಡೆ, ದನಕರುಗಳ ಜೊತೆ ತಂದು ಇಳಿಸಿದರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅವರು ಕಡಿದು, ಸಮ ಮಾಡಿ, ಅಡಿಕೆ ನೆಟ್ಟರು. ಮೊಮ್ಮಕ್ಕಳು ಇವತ್ತು ಕೊನೆ ಕೊಯ್ಯುತ್ತಿದ್ದಾರೆ. ಅಂಥ ಮನೆಯೊಂದರಲ್ಲಿ ಮಂಜೂರಾತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟ್ರಂಕಿನ ತಳದಿಂದ ತೆಗೆದು ತೋರಿಸಿದರು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಪಹಣಿ ತೆಗೆಸಿದರೆ ಒಡೆಯನ ಹೆಸರಿರುವ 9ನೇ ಕಾಲಂನಲ್ಲಿ ಅರಣ್ಯ ಇಲಾಖೆ! ತಮ್ಮ ಹೆಸರಿನ ಪಹಣಿ ಇಲ್ಲದೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟುವುದಿಲ್ಲ, ಎಲೆಚುಕ್ಕಿ ರೋಗ ಬಂದು ತೋಟ ಹೋದರೆ ಪರಿಹಾರವೂ ಇಲ್ಲ.

ಅವರು ಬಂದಾಗ, ಕಾಡನ್ನು ಬೇರೆ ಬಳಕೆಗೆ ಕೊಡಲು ಕೇಂದ್ರದ ಒಪ್ಪಿಗೆ ಕೇಳುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಹುಟ್ಟಿಯೇ ಇರಲಿಲ್ಲ. ಆಗಲೇ ಡಿನೋಟಿಫೈ ಮಾಡಿದ್ದರೆ, ಅಂದರೆ ಆ ಜಮೀನನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟಿದ್ದರೆ, ಮುಗಿಯುತ್ತಿತ್ತು. ಮಾಡಲಿಲ್ಲ. ಬಹಳ ತಡವಾಗಿ ಹೊರಡಿಸಿದ ಆದೇಶಗಳಿಗೆ ಕೇಂದ್ರದ ಒಪ್ಪಿಗೆ ಇಲ್ಲವೆಂದು 2021ರಲ್ಲಿ ಹೈಕೋರ್ಟ್ ರದ್ದುಮಾಡಿತು. ಕಚೇರಿ ಮಾಡಬೇಕಿದ್ದ ಕೆಲಸ ಮಾಡದೆ, ಈಗ ರೈತನನ್ನು ಒತ್ತುವರಿದಾರ ಎನ್ನುವುದು ಯಾವ ನ್ಯಾಯ?

ಗೇಣಿದಾರರ ಪಾಡು ಇನ್ನೂ ಕಷ್ಟ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸಿಡಿದೆದ್ದ ಸೀಮೆ ಇದು. ಗೇಣಿದಾರನಿಗೆ ಭೂಮಿಯ ಒಡೆತನ ಸಿಕ್ಕ ತಿದ್ದುಪಡಿ ಬಂದದ್ದು 1974ರಲ್ಲಿ, ಅಣೆಕಟ್ಟು ಮುಗಿದದ್ದು 1964ರಲ್ಲಿ. ನಡುವಿನ ಹತ್ತು ವರ್ಷ ಅವರ ಪಾಲಿಗೆ ಮುಳುವಾಯಿತು. 1894ರ ಭೂಸ್ವಾಧೀನ ಕಾಯ್ದೆ ಕಣ್ಣಿಟ್ಟಿದ್ದು ಹಕ್ಕಿನ ಕಾಗದ ಇದ್ದವರ ಮೇಲೆ. ಬೆವರು ಸುರಿಸಿದವರ ಕೈಯಲ್ಲಿ ಕಾಗದ ಇರಲಿಲ್ಲ. ಭೂಮಿ ಇಲ್ಲದ ಕೂಲಿಯವರನ್ನೂ ಗೇಣಿಯವರನ್ನೂ 'ಬಾಧಿತ ಕುಟುಂಬ' ಎಂದು ಒಪ್ಪಿಕೊಳ್ಳಲು ದೇಶಕ್ಕೆ 2013ರ ಹೊಸ ಭೂಸ್ವಾಧೀನ ಕಾಯ್ದೆಯೇ ಬೇಕಾಯಿತು.

ಸೇತುವೆಯ ಮಾತು ಎತ್ತಿದಿರಿ. ಹಿನ್ನೀರಿನಾಚೆಯ ಕರೂರು ಸೀಮೆಯವರು ಲಾಂಚಿಗೆ ಕಾದು ಕಾದು ದಣಿದ ಮೇಲೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಬಸುರಿಯರನ್ನು ರಾತ್ರಿ ಹೊತ್ತು ದಡದಲ್ಲಿ ಕೂರಿಸಿಕೊಂಡವರ ಹತ್ತಿರ ಹೋಗಿ 'ಸೇತುವೆ ಆಯಿತಲ್ಲ' ಎಂದು ಹೇಳಿ ನೋಡಿ.

ನೀವು ಓದಿದವರು, ನಮ್ಮ ಜಿಲ್ಲೆಯವರೇ. ಅದಕ್ಕೇ ಸ್ವಲ್ಪ ಬಿರುಸಾಗಿ ಬರೆಯುತ್ತಿದ್ದೇನೆ. ಮಲೆನಾಡೆಂದರೆ ಬೆಂಗಳೂರಿಗೆ ನೆನಪಾಗುವುದು ಏನಾದರೂ ಬೇಕಾದಾಗ ಮಾತ್ರ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಒಯ್ಯುತ್ತೇವೆಂದರು, ಜನ ಬೀದಿಗಿಳಿದರು. ಈಗ ಅದೇ ಕಣಿವೆಯಲ್ಲಿ, ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಹರಿಸಿ ಕರೆಂಟು ಮಾಡುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಅದರ ಕಡತ ದೆಹಲಿಗೆ ಓಡುವ ವೇಗದಲ್ಲಿ ಸಂತ್ರಸ್ತರ ಡಿನೋಟಿಫಿಕೇಷನ್ ಕಡತವೂ ಓಡಲಿ. ಆ ಮನೆಗಳ ಪಹಣಿಯಲ್ಲಿ ಅವರ ಹೆಸರು ಕೂರುವ ತನಕ ಈ ಪತ್ರಿಕೆ ಇದನ್ನೇ ಬರೆಯುತ್ತದೆ.